ಪೇಟಿ ಮಾಸ್ತರು ಸುಮ್ಮನಾದ ವರ್ಷ: ಗಂಗಾವತಿ ಸೀಮೆಯ ಒಂದು ಪ್ರಕರಣ

ಇದು ಗಂಗಾವತಿ ಕಡೆಯ ಒಬ್ಬ ಪೇಟಿ ಮಾಸ್ತರಿಗೆ, ಅಂದ್ರ ಹಾರ್ಮೋನಿಯಂ ಬಾರ್ಸಿ ಹಳ್ಳಿ ನಾಟಕ ಕಲಿಸೋರಿಗೆ, ಖಿನ್ನತೆ ಬಂದ ಪ್ರಕರಣ. ಹೆಸರು, ಊರು ಹಾಕಂಗಿಲ್ಲ ಅಂತ ಅವರ ಜೊತಿ ಮಾತಾಗೇತಿ, ಉಳಿದದ್ದೆಲ್ಲಾ ಬರಿ ತಮ್ಮಾ ಅಂತ ಅವರೇ ಹೇಳ್ಯಾರ. ನಾನು ಅವರ ಕೈಯಾಗ ನಾಟಕ ಕಲ್ತವ, ಈಗ ಹೈಸ್ಕೂಲ್ ಮೇಷ್ಟ್ರು, ಡಾಕ್ಟರ್ ಅಲ್ಲ, ಅದಕ್ಕ ಡಾಕ್ಟರ್ ಹೇಳಿದ್ದು ಯಾವ್ದು ನಾವು ಕಣ್ಣಾರೆ ನೋಡಿದ್ದು ಯಾವ್ದು ಅಂತ ಬ್ಯಾರೆ ಮಾಡೇ ಬರೀತೀನಿ. ಬರಿಯಾಕ ಕಾರಣ ಏನಂದ್ರ ನಮ್ ಕಡೆ ಕಲಾವಿದರಿಗೆ ಮನಸಿನ ತ್ರಾಸ ಬಂದ್ರ "ಕಲಾವಿದರು ಅಂದ್ಮ್ಯಾಲ ಹಂಗ ಇರ್ತಾರ ಬಿಡು" ಅಂತ ತಳ್ಳಿ ಹಾಕೋದು ಭಾಳ ಐತಿ, ಆ ಒಂದು ಮಾತಿನಿಂದ ಎಷ್ಟು ಮಂದಿ ದವಾಖಾನಿ ಮೆಟ್ಲ ಹತ್ತದ ಉಳದಾರೋ ಗೊತ್ತಿಲ್ಲ.

ಮಾಸ್ತರ ಕಸುಬು

ಅವರು ಸುಮ್ಮನಾದ 2024ರಾಗ ಮಾಸ್ತರಿಗೆ 54 ವರ್ಷ. ಹುಡುಗ ಇದ್ದಾಗ ನಾಟಕ ಕಂಪನಿ ಸೇರಿ ಕಾಲ್ ಪೇಟಿ (ಕಾಲಿನಿಂದ ಗಾಳಿ ಒತ್ತೋ ಹಾರ್ಮೋನಿಯಂ) ಮುಂದ ಕುಂತು ಕಲ್ತವರು, ಕಂಪನಿ ಕ್ಯಾಂಪ್ ಕಡಿಮಿ ಆದ್ಮ್ಯಾಲ ಊರಿಗೆ ಬಂದು ಹಳ್ಳಿ ನಾಟಕ ಕಲಿಸಾಕ ಹತ್ತಿದ್ರು. ಈ ಕೆಲಸ ಗೊತ್ತಿಲ್ದೋರಿಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರ ಅವರ ಬ್ಯಾನಿ ಈ ಕೆಲಸದ ರೀತಿಯೊಳಗೇ ಐತಿ. ನಮ್ ಕಡೆ ಜಾತ್ರಿಗೆ ಊರಿನ ಹುಡುಗ್ರೇ ಸೇರಿ ಸಾಮಾಜಿಕ ನಾಟಕ ಆಡ್ತಾರ, ಹೆಣ್ಣು ಪಾತ್ರಕ್ಕ ಹೊರಗಿಂದ ಕಲಾವಿದೆಯರನ್ನ ಕರಸ್ತಾರ, ಸೀನರಿ ಬಾಡಿಗಿ ತರ್ತಾರ, ಇದೆಲ್ಲಾ ನಿಲ್ಲೋದು ಪೇಟಿ ಮಾಸ್ತರ ಮ್ಯಾಲ. ಒಂದು ಒಂದೂವರೆ ತಿಂಗಳು ದಿನಾ ರಾತ್ರಿ ಊಟ ಆದ್ಮ್ಯಾಲ ಹನುಮಪ್ಪನ ಗುಡಿ ಕಟ್ಟಿ ಮ್ಯಾಲೋ ಸಾಲಿ ರೂಮಿನಾಗೋ ತಾಲೀಮು, ಓದಾಕ ಬರದ ಹುಡುಗಗೂ ಮಾತು ಬಾಯಿಪಾಠ ಮಾಡ್ಸೋದು, ಯಾರ ದನಿ ಎಲ್ಲಿಗೆ ಕೂಡ್ತೈತಿ ಅಂತ ನೋಡಿ ಪೇಟಿಯ ಕರಿ ಒಂದಕ್ಕೋ ಬಿಳಿ ನಾಕಕ್ಕೋ ಶ್ರುತಿ ಹಿಡದು ಹಾಡು ಕೂಡ್ಸೋದು, ಕುಡದು ಬಂದವನ್ನ ಬೈದು ಮನಿಗೆ ಕಳ್ಸೋದು, ಹೀರೋ ಪಾರ್ಟ್ ಸಲುವಾಗಿ ಅಣ್ತಮ್ಮಂದಿರು ಜಗಳ ಬಿದ್ರ ಬಿಡ್ಸೋದು. ನಾಟಕದ ರಾತ್ರಿ ಹತ್ತಕ್ಕ ಕುಂತ್ರ ಬೆಳಕು ಹರಿಯೋ ತನಕ ಪೇಟಿ ಬಿಟ್ಟು ಏಳಂಗಿಲ್ಲ.

ಸೀಜನ್ ಸಂಕ್ರಾಂತಿ ಆದ್ಮ್ಯಾಲ ಸುರು, ಭರತ ಹುಣ್ಣಿಮಿ, ಶಿವರಾತ್ರಿ, ಯುಗಾದಿ, ದವನದ ಹುಣ್ಣಿಮಿ, ಬಸವ ಜಯಂತಿ, ಕಾರಹುಣ್ಣಿಮಿ ಬರೋಹೊತ್ತಿಗೆ ಮುಗೀತು. ಒಂದು ನಾಟಕ ಕಲಿಸಿ ಸ್ಟೇಜ್ ಹತ್ಸಾಕ ಊರು ನೋಡಿ 20ರಿಂದ 30 ಸಾವಿರ, ಅದ್ರಾಗೇ ತಬಲಾದವರಿಗೆ ಕೊಡ್ಬೇಕು, ಸೀಜನ್‌ನ್ಯಾಗ ನಾಕೈದು ಊರು ಸಿಕ್ರ ವರ್ಷ ಸಾಗ್ತಿತ್ತು. ರೊಕ್ಕಕ್ಕಿಂತ ದೊಡ್ಡ ಸಂಗತಿ ಇನ್ನೊಂದು: ಆ ಐದು ತಿಂಗಳು ಊರೂರು "ಮಾಸ್ತರ ಬಂದ್ರು, ಮಾಸ್ತರಿಗೆ ಚಾ ತರ್ರಿ" ಅಂತಿರ್ತೈತಿ, ಉಳಿದ ಏಳು ತಿಂಗಳು ಒಬ್ಬನೂ ಮನಿ ಬಾಗ್ಲಾ ತುಳಿಯಂಗಿಲ್ಲ. ಇಂಥ ಬಾಳುವೆ ಮಾಡೋರ ಮನಸು ಹೆಂಗಿರ್ತೈತಿ ಅಂತ ನಾವು ಯಾರೂ ಕುಂತು ಯೋಚನಿ ಮಾಡಿದ್ದೇ ಇಲ್ಲ.

ಹೊಡತದ ಮ್ಯಾಲ ಹೊಡತ

2020ರಾಗ ಲಾಕ್‌ಡೌನ್ ಬಿದ್ದದ್ದು ಸರಿಯಾಗಿ ಯುಗಾದಿ ಹೊತ್ತಿಗೆ, ಅಂದ್ರ ಸೀಜನ್ ನಡುವ. 2021ರಾಗ ಎರಡನೇ ಅಲೆ ಬಂದದ್ದೂ ಏಪ್ರಿಲ್ ಮೇದಾಗ. ಎರಡು ಸೀಜನ್ ಹೋದ್ವು, ಮಗಳ ಮದುವಿಗೆ ಅಂತ ಇಟ್ಟಿದ್ದು ಖರ್ಚಾತು, ಸಂಘದ ಸಾಲ ಸುರು ಆತು. ಹೆಂಗೋ ಸುಧಾರಿಸಿಕೊಂಡ್ರು ಅನ್ನೋದ್ರಾಗ 2023ರ ಬರಗಾಲ. ತುಂಗಭದ್ರಾ ಡ್ಯಾಂ ತುಂಬ್ಲಿಲ್ಲ, ಎರಡನೇ ಬೆಳಿಗೆ ನೀರಿಲ್ಲ ಅಂತ ಆತು. ಭತ್ತದ ಸೀಮಿಯೊಳಗ ಎರಡನೇ ಬೆಳಿ ಇಲ್ಲ ಅಂದ್ರ ನಾಟಕನೂ ಇಲ್ಲ: ಪಟ್ಟಿ (ಚಂದಾ) ಎತ್ತಾಕ ಊರಾಗ ರೊಕ್ಕ ಇರಂಗಿಲ್ಲ, ಪಾರ್ಟ್ ಮಾಡೋ ಹುಡುಗ್ರು ಬೆಂಗಳೂರಿಗೆ ಗುಳೆ ಹೋಗಿರ್ತಾರ. 2024ರ ಸೀಜನ್‌ನ್ಯಾಗ ಮಾಸ್ತರಿಗೆ ಒಂದೇ ಊರು ಸಿಕ್ತು, ಅವರೂ ಅರ್ಧ ರೊಕ್ಕ ಕೊಟ್ಟು ಉಳಿದದ್ದು ಆಮ್ಯಾಲ ಅಂದ್ರು.

ಆ ವರ್ಷ ಮಳಿ ಚೊಲೋ ಬಂತು, ಡ್ಯಾಂ ತುಂಬ್ತು, ಎಲ್ಲಾರೂ ಉಸಿರು ಬಿಟ್ರು, ಅಷ್ಟ್ರಾಗ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ಹರದು ಗೇಟೇ ಕೊಚ್ಚಿಕೊಂಡು ಹೋತು. ಟಿವಿಯೊಳಗ ದಿನಾ ಅದೇ, ನೀರು ಹೊಳಿಗೆ ಹೋಗಾಕತ್ತಿದ್ದು. ರೈತರಿಗೆ ಬೆಳಿ ಚಿಂತಿ, ಮಾಸ್ತರಿಗೆ ಇನ್ನೊಂದು ಸೀಜನ್ ಹೋತು ಅನ್ನೋ ಚಿಂತಿ. ಒಂದು ವಾರದಾಗ ಆ ಜಾಗಕ್ಕ ಸ್ಟಾಪ್‌ಲಾಗ್ (ಗೇಟಿನ ಬದಲಿ ಇಳಿಸೋ ಕಬ್ಬಿಣದ ಹಲಗಿ) ಕೂಡ್ಸಿ ನೀರು ನಿಲ್ಲಿಸಿದ್ರು, ಖರೆ, ಆದ್ರ ಅಷ್ಟೊತ್ತಿಗೆ ಮಾಸ್ತರು ಟಿವಿ ನೋಡೋದೂ ಬಿಟ್ಟಿದ್ರು, ಮಾತಾಡೋದೂ ಬಿಟ್ಟಿದ್ರು.

ಇದ್ರ ನಡುವ ಆದ ಒಂದು ಸನ್ಮಾನದ ಸಂಗತಿ ಹೇಳ್ಲೇಬೇಕು. ಆ ಬ್ಯಾಸಿಗಿಯೊಳಗ ಒಂದು ಊರಿನ ಕಮಿಟಿಯವರು ಮಾಸ್ತರನ್ನ ಕರದು ಸ್ಟೇಜ್ ಮ್ಯಾಲ ಕೂಡ್ಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ ಹಾಕಿದ ಬಿನ್ನವತ್ತಳೆ ಎಲ್ಲಾ ಕೊಟ್ರು, "ಕಲಾ ತಪಸ್ವಿ" ಅಂತ ಮೈಕಿನ್ಯಾಗ ಹೊಗಳಿದ್ರು. ಅದೇ ಕಮಿಟಿ ಎರಡು ವರ್ಷದ ಹಿಂದಿನ ನಾಟಕದ ಒಂಬತ್ತು ಸಾವಿರ ಬಾಕಿ ಇಟ್ಟಿತ್ತು. ಮಾಸ್ತರು ಕೇಳ್ಲಿಲ್ಲ, ಶಾಲು ಹೊದ್ದು ನಿಂತಾಗ ರೊಕ್ಕ ಹೆಂಗ ಕೇಳ್ಬೇಕು? ವಾಪಸ್ ಬರಾಕ ಬಸ್ ಚಾರ್ಜಿಗೆ ತಬಲಾದವರ ಹತ್ರ ಇಸ್ಕೊಂಡ್ರಂತ. ಅವರ ಮನಿ ಟ್ರಂಕಿನ್ಯಾಗ ಶಾಲು ಎಷ್ಟವ ಅಂದ್ರ ಮುಚ್ಚಳ ಒತ್ತಿ ಹಾಕ್ಬೇಕು. ಕಲಾವಿದರನ್ನ ಹೊಗಳೋದು ಸುಲಭ, ಕೂಲಿ ಕೊಡೋದು ತ್ರಾಸ, ಇದು ನಮ್ ಸೀಮಿ ಜಡ್ಡು.

ಏನೇನು ಕಾಣಿಸ್ತು

ಮೊದಲು ನಿದ್ದಿ ಹೋತು. ಇದನ್ನ ಯಾರೂ ಮನಸಿಗೆ ತಗೊಳ್ಳಲಿಲ್ಲ, ಯಾಕಂದ್ರ ರಾತ್ರಿ ಕೆಲಸ ಮಾಡೋರಿಗೆ ನಿದ್ದಿ ಏರುಪೇರು ಇದ್ದದ್ದೇ. ಆದ್ರ ಇದು ಬ್ಯಾರೆ ಥರ, ಬೆಳಗಿನ ಜಾವ ಮೂರಕ್ಕ ಎಚ್ಚರ ಆಗಿ ಅಂಗಳದಾಗ ಒಬ್ರೇ ಕುಂದರೋದು. ಆಮ್ಯಾಲ ಊಟ ಕಡಿಮಿ ಆತು, ಅಂಗಿ ಸಡ್ಲ ಆತು. ಪೇಟಿ ಮುಟ್ಲಿಲ್ಲ. ಸಂಜಿಗೆ ಸ್ವಲ್ಪ ಕುಡಿಯೋದಿತ್ತು, ಅದು ಮಧ್ಯಾಹ್ನಕ್ಕ ಬಂತು. ಫೋನ್ ಬಂದ್ರ ಎತ್ತಂಗಿಲ್ಲ, ಹಳೆ ಶಿಷ್ಯರು ಮನಿಗೆ ಬಂದ್ರ ಹಿತ್ತಲಕ್ಕ ಹೋಗಿ ನಿಂದರೋದು. ಅಕ್ಕಾರು, ಅಂದ್ರ ಮಾಸ್ತರ ಮನಿಯವರು, ಉದ್ಯೋಗ ಖಾತ್ರಿ ಕೆಲಸಕ್ಕ ಹೋಗಿ ಮನಿ ನಡಸ್ತಿದ್ರು, ಅದು ಮಾಸ್ತರಿಗೆ ಇನ್ನೂ ಕುಗ್ಗಿಸ್ತು. "ಹೆಂಡ್ತಿ ದುಡಿದು ಹಾಕ್ಬೇಕು, ನಾ ಶಾಲು ಹೊದ್ದು ಕುಂದರಬೇಕು" ಅಂದಿದ್ರಂತ ಒಂದಿನ.

ನನಗ ಫೋನ್ ಮಾಡಿದ್ದು ಅಕ್ಕಾರೇ. "ತಮ್ಮಾ, ನಿಮ್ ಮಾಸ್ತರು ಪೇಟಿ ಮಾರ್ತೀನಿ ಅನ್ನಾಕತ್ಯಾರ, ಗಿರಾಕಿ ನೋಡಿ ಬಂದಾರ" ಅಂದ್ರು. ಪೇಟಿ ಮಾರೋದು ರೊಕ್ಕಕ್ಕ ಅಂತ ಮ್ಯಾಲ ಕಾಣ್ತೈತಿ, ಆದ್ರ ತನಗ ಭಾಳ ಬೇಕಾದ ಸಾಮಾನನ್ನ ಒಬ್ಬ ಮನಿಷ್ಯಾ ಇದ್ದಕ್ಕಿದ್ದಂಗ ಮಾರಾಕ, ಹಂಚಾಕ ಹೊಂಟ್ರ ಅದು ಜೀವ ಕಳಕೊಳ್ಳೋ ವಿಚಾರದ ಗುರ್ತೂ ಆಗಿರಬೌದು, ಇದು ಮನೋವೈದ್ಯರು ಎಲ್ಲಾ ಕಡೆ ಹೇಳೋ ಮಾತು. ನಾನು ಹೋಗಿ ಅವರ ಬಾಜೂಕ ಕುಂತು ಸುತ್ತು ಬಳಸದ ಕೇಳಿದೆ, "ಮಾಸ್ತರ, ಜೀವ ಬ್ಯಾಡ ಅನಸ್ತೈತೇನ್ರಿ?" ಭಾಳ ಹೊತ್ತು ಸುಮ್ಮನಿದ್ದು "ಒಂದೊಂದ್ಸಲ ಅನಸ್ತೈತಿ ತಮ್ಮಾ, ಯಾರಿಗೂ ಭಾರ ಆಗಬಾರ್ದು ನೋಡು" ಅಂದ್ರು. ಹಂಗ ಕೇಳಿದ್ರ ಇಲ್ಲದ ವಿಚಾರ ತಲಿಗೆ ಹಾಕಿದಂಗ ಆಗ್ತೈತಿ ಅಂತ ಭಾಳ ಮಂದಿ ಹೆದರ್ತಾರ, ಅದು ತಪ್ಪು ತಿಳುವಳಿಕಿ, ಕೇಳಿದ್ರ ಒಳಗ ಕಟ್ಟಿಕೊಂಡದ್ದು ಹೊರಗ ಬರಾಕ ದಾರಿ ಆಗ್ತೈತಿ. ಅವತ್ತೇ ಅವರ ಅಳಿಯನ್ನ ಕರಸಿ, ಮನಿಯೊಳಗ ಇದ್ದ, ಬೆಳಿಗೆ ಹೊಡಿಯೋ ವಿಷದ ಎಣ್ಣಿ ಡಬ್ಬಿ ಎಲ್ಲಾ ಬ್ಯಾರೆ ಊರಿಗೆ ಸಾಗ್ಸಿದ್ವಿ, ರಾತ್ರಿ ಅವರನ್ನ ಒಬ್ರನ್ನೇ ಬಿಡಬಾರ್ದು ಅಂತ ಮಾಡಿದ್ವಿ, ಮತ್ತ 14416ಕ್ಕ ಫೋನ್ ಹಚ್ಚಿ ಅವರ ಕೈಯಾಗ ಕೊಟ್ವಿ. ಇದು ಮನಸಿನ ತ್ರಾಸಕ್ಕ ಸರ್ಕಾರ ಇಟ್ಟ ಸಹಾಯವಾಣಿ, ಟೆಲಿ ಮಾನಸ್ ಅಂತ, 2022ರಾಗ ಸುರು ಆಗೇತಿ, ಹಗಲು ರಾತ್ರಿ ಪುಕ್ಕಟೆ, ಕನ್ನಡದಾಗೇ ಮಾತಾಡ್ತಾರ. ಅಲ್ಲಿದ್ದವರು ಮಾಸ್ತರ ಜೊತಿ ಸಮಾಧಾನದಿಂದ ಮಾತಾಡಿ, ನಾಳೇನೇ ಜಿಲ್ಲಾಸ್ಪತ್ರಿಗೆ ಹೋಗ್ರಿ ಅಂದ್ರು.

ದವಾಖಾನಿ

ಮಾಸ್ತರು ಮೊದಲು ಬರಾಕ ಒಪ್ಪಲಿಲ್ಲ, "ನನಗೇನು ಹುಚ್ಚು ಹಿಡದೈತೇನು" ಅಂದ್ರು. ಆಗ ನಾನು ಅವರಿಗೆ ಬಳ್ಳಾರಿ ಕಥಿ ಹೇಳಿದೆ. ಹಳ್ಳಿ ಮಂದಿಗೆ ಮನಸಿನ ಚಿಕಿತ್ಸೆ ಊರ ಹತ್ರದ ಸಾದಾ ಆಸ್ಪತ್ರೆಯೊಳಗೇ ಸಿಗಬೇಕು, ಅಲ್ಲಿನ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ರ ಅದು ಆಗ್ತೈತಿ ಅಂತ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಇಡೀ ಜಿಲ್ಲೆಗೆ ಮೊದಲು ಮಾಡಿ ತೋರಿಸಿದ್ದು ನಮ್ ಬಾಜೂಕಿನ ಬಳ್ಳಾರಿ ಜಿಲ್ಲೆಯೊಳಗ, 1985ರಿಂದ 1990ರ ತನಕ. ಅದನ್ನೇ ಮಾದರಿ ಮಾಡಿಕೊಂಡು 1996ರಾಗ ದೇಶದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಸುರು ಆತು. ದೇಶಕ್ಕ ದಾರಿ ತೋರ್ಸಿದ ಸೀಮಿ ನಮ್ದು, ಇಲ್ಲಿ ಕುಂತು ನಾವೇ ನಾಚಿಕಿ ಪಟ್ಟುಕೊಂಡ್ರ ಹೆಂಗ ಅಂದೆ. ಅದು ಅವರಿಗೆ ಹಿಡಿಸ್ತೋ ಅಥವಾ ಅಕ್ಕಾರ ಮುಖ ನೋಡಿದ್ರೋ, ಬಂದ್ರು.

ಕೊಪ್ಪಳದ ಜಿಲ್ಲಾಸ್ಪತ್ರಿಯೊಳಗ ಡಾಕ್ಟರು ಕುಂದರ್ಸಿ ಒಂಬತ್ತು ಪ್ರಶ್ನಿ ಕೇಳಿದ್ರು, ಹೋದ ಎರಡು ವಾರದಾಗ ನಿದ್ದಿ ಹೆಂಗ, ಊಟ ಹೆಂಗ, ಮೊದಲು ಖುಷಿ ಕೊಡ್ತಿದ್ದ ಕೆಲಸದಾಗ ಮನಸು ಐತೇನು, ತಾನು ಕೆಲಸಕ್ಕ ಬಾರದವ ಅನಸ್ತೈತೇನು, ಹಿಂಗ, ಒಂದೊಂದಕ್ಕ ಸೊನ್ನೆಯಿಂದ ಮೂರರ ತನಕ ಅಂಕಿ. ರಕ್ತ ತಗದು ಥೈರಾಯ್ಡ್, ಶುಗರ್ ನೋಡಿದ್ರು, ಯಾಕಂದ್ರ ಥೈರಾಯ್ಡ್ ಕಡಿಮಿ ಆದ್ರೂ ಮನಸು ಹಿಂಗ ಮಂಕಾಗಬೌದು. ಕೊನಿಗೆ ಇದು ಖಿನ್ನತೆ, ರೋಗ, ಸ್ವಭಾವ ಅಲ್ಲ ಅಂತ ಹೇಳಿ ಗುಳಿಗಿ ಬರದ್ರು. ಗುಳಿಗಿ ನಾಟಾಕ ಎರಡರಿಂದ ನಾಕು ವಾರ ಬೇಕು, ಆರಾಮ ಆದ್ಮ್ಯಾಲೂ ಕಮ್ಮಿ ಅಂದ್ರ ಆರು ತಿಂಗಳು ಬಿಡಂಗಿಲ್ಲ, ನಿಲ್ಸೋದಿದ್ರ ನನ್ನನ್ನ ಕೇಳೇ ನಿಲ್ಲಸ್ರಿ, ಕುಡಿಯೋದು ನಿದ್ದಿ ತರಂಗಿಲ್ಲ ಕೆಡಸ್ತೈತಿ, ಅದನ್ನ ಕಡಿಮಿ ಮಾಡ್ಸೋದಕ್ಕೂ ಬ್ಯಾರೆ ಚಿಕಿತ್ಸೆ ಕೊಡ್ತೀವಿ ಅಂದ್ರು.

ಎರಡನೇ ತಿಂಗಳಾಗ ಮಾಸ್ತರು ಗುಳಿಗಿ ಬಿಟ್ರು. ಯಾರಿಗೂ ಹೇಳ್ಲಿಲ್ಲ. ಕಾರಣ ಕೇಳಿದ್ರ "ತಮ್ಮಾ, ಭೈರವಿ ರಾಗ ಕೇಳಿದ್ರೂ ಒಳಗ ಏನೂ ಆಗವಲ್ದು, ಈ ಗುಳಿಗಿ ನನ್ನ ಸ್ವರಾನೇ ತಿಂದು ಹಾಕ್ತೈತಿ" ಅಂದ್ರು. ಕಲಾವಿದರಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ, ನೋವು ಹೋದ್ರ ಕಲಾನೂ ಹೋಗ್ತೈತಿ ಅಂತ ಎಷ್ಟೋ ಮಂದಿ ನಂಬ್ಯಾರ. ಡಾಕ್ಟರು ಇದನ್ನ ಹಗುರ ಮಾಡ್ಲಿಲ್ಲ, ಅದೇ ನನಗ ಭಾಳ ಹಿಡಿಸಿದ್ದು. ಏನು ಕೇಳಿದ್ರೂ ಏನೂ ಅನಸದ ಇರೋದು ಖಿನ್ನತೆಯ ಮುಖ್ಯ ಲಕ್ಷಣನೇ, ಗುಳಿಗಿಗಿಂತ ಮೊದಲೇ ನೀವು ಪೇಟಿ ಮುಚ್ಚಿದ್ರಿ ಅಲ್ರೀ ಅಂತ ನೆನಪು ಮಾಡಿದ್ರು, ಜೊತಿಗೆ ಕೆಲವು ಗುಳಿಗಿಯಿಂದ ಕೆಲವರಿಗೆ ಭಾವನೆ ಮರಗಟ್ಟಿದಂಗ ಆಗೋದೂ ಖರೆ, ಆದ್ರ ಬಿಡೋದು ಬ್ಯಾಡ, ಬದಲಿಸಿ ನೋಡೋಣು ಅಂದ್ರು. ಬದಲಿಸಿದ್ರು. ನಿಮ್ ಕಡೆ ಯಾರಾದ್ರೂ ಕಲಾವಿದರು ಇದೇ ಮಾತು ಹೇಳಿ ಗುಳಿಗಿ ಬಿಟ್ರ ಬೈಬ್ಯಾಡ್ರಿ, ಇದೇ ಮಾತನ್ನ ಡಾಕ್ಟರ ಮುಂದ ಹೇಳಸ್ರಿ.

ನೋಟ್‌ಬುಕ್ ಮತ್ತ ಬಾಕಿ

ಗುಳಿಗಿ ನಿದ್ದಿ ಕೊಡ್ತು, ಊಟ ಸೇರಿತು. ಆದ್ರ ಸಂಘದ ಕಂತು ಗುಳಿಗಿಯಿಂದ ತುಂಬಂಗಿಲ್ಲ. ಮಾಸ್ತರ ಹತ್ರ ಒಂದು ಉದ್ದ ನೋಟ್‌ಬುಕ್ ಐತಿ, ಮುಂದಿನ ಹಾಳಿಯಿಂದ ಹಾಡಿನ ಸ್ವರ ಬರದಾರ, ಹಿಂದಿನ ಹಾಳಿಯಿಂದ ಲೆಕ್ಕ: ಊರು, ನಾಟಕದ ಹೆಸರು, ಮಾತಾಡಿದ ರೊಕ್ಕ, ಬಂದದ್ದು, ಉಳಿದದ್ದು. ಎಣ್ಣಿ ಕಲಿ ಬಿದ್ದು ಅಂಚು ಕರ್ರಗಾಗೇತಿ, ಕೆಲವು ಸಾಲಿನ ಮುಂದ ಪೆನ್ಸಿಲ್‌ನ್ಯಾಗ "ಕೇಳಬಾರದು" ಅಂತ ಬರದಾರ, ಯಾಕಂದ್ರ ಆ ಊರಾಗ ಕಮಿಟಿ ಮುಖ್ಯಸ್ಥ ತೀರಿಕೊಂಡಿದ್ದ, ಇನ್ನೊಂದು ಊರಾಗ ಬೆಳಿ ಸುಟ್ಟಿತ್ತು. ಕೂಡ್ಸಿದ್ರ ಬಾಕಿ 61 ಸಾವಿರ. ಮನುಷ್ಯಾ ಸಾಯಾಕ ಹೊಂಟಾಗ ಊರೂರಾಗ ಅವನ ಬೆವರಿನ 61 ಸಾವಿರ ಬಿದ್ದಿತ್ತು!

ಹಳೆ ಶಿಷ್ಯರು ನಾವು ಮೂವರು ಆ ನೋಟ್‌ಬುಕ್ ಹಿಡಕೊಂಡು ಹೊಂಟ್ವಿ, "ಕೇಳಬಾರದು" ಅಂತ ಬರದ ಊರು ಬಿಟ್ಟು. ಜಗಳಕ್ಕ ಹೋಗ್ಲಿಲ್ಲ, ಹಿರಿಯರನ್ನ ಕೂಡ್ಸಿ ಲೆಕ್ಕ ತೋರ್ಸಿ ಮಾಸ್ತರಿಗೆ ಆರಾಮಿಲ್ಲ ಅಂತಷ್ಟೇ ಹೇಳಿದ್ವಿ, ಏನು ರೋಗ ಅಂತ ಹೇಳ್ಲಿಲ್ಲ, ಅದು ಅವರ ಸ್ವಂತದ್ದು. ಸನ್ಮಾನ ಮಾಡಿದ ಊರಿನವರು ಮೊದಲು ಸಿಟ್ಟಾದ್ರು, ಆಮ್ಯಾಲ ಅವರೊಳಗೇ ಒಬ್ಬ ಹಿರಿಯರು ಎದ್ದು "ಶಾಲಿಗೆ ಪಟ್ಟಿ ಎತ್ತಿದ್ವಿ, ಕೂಲಿಗೆ ಎತ್ತಲಿಲ್ಲ, ತಪ್ಪು ನಮ್ದೇ" ಅಂದು ಅಲ್ಲೇ ನಾಕು ಸಾವಿರ ಕೊಡ್ಸಿದ್ರು, ಉಳಿದದ್ದು ಸುಗ್ಗಿಗೆ ಬಂತು. ಇನ್ನೊಂದು ಊರು ರೊಕ್ಕದ ಬದಲಿ ಭತ್ತದ ಚೀಲ ಕೊಟ್ಟಿತು. ಮಾಸ್ತರ ಮುಖದಾಗ ಗೆಲುವು ಕಂಡದ್ದು ಗುಳಿಗಿಗಿಂತ ಆ ಭತ್ತ ಮನಿಗೆ ಬಂದ ದಿನ ಅಂತ ಅಕ್ಕಾರು ಹೇಳ್ತಾರ, ನಾನು ಎರಡೂ ಬೇಕಾಗಿತ್ತು ಅಂತೀನಿ, ಗುಳಿಗಿ ಇಲ್ದಿದ್ರ ಆ ಭತ್ತ ನೋಡೋ ಮನಸೇ ಅವರಿಗೆ ಇರ್ತಿರಲಿಲ್ಲ.

ಅಲ್ಲಿಂದ ಒಂದು ಪದ್ಧತಿ ಮಾಡಿದ್ವಿ. ಮಾತುಕತಿ ದಿನ ಮೂರರಾಗ ಒಂದು ಪಾಲು, ತಾಲೀಮು ಅರ್ಧ ಆದಾಗ ಇನ್ನೊಂದು, ಪರದೆ ಏಳೋಕಿಂತ ಮೊದಲು ಕೊನೀದು, ಬಿಳಿ ಹಾಳಿ ಮ್ಯಾಲ ಬರದು ಇಬ್ರ ಸಹಿ. ಮಾಸ್ತರಿಗೆ ಬಾಯಿ ಬರಂಗಿಲ್ಲ ಅಂತ ಈ ಮಾತು ತಬಲಾದವರೇ ಆಡ್ತಾರ. ಈಗ ನಮ್ ಕಡೆ ಇನ್ನಿಬ್ರು ಮಾಸ್ತರೂ ಇದನ್ನೇ ಹಿಡದಾರ.

ದಿನಚರಿ ವಿಷಯಕ್ಕ ಬಂದ್ರ, ಆಪ್ತಸಮಾಲೋಚಕರು ಹೇಳಿದ್ದು ಮನಸು ಬಂದ ಮ್ಯಾಲ ಕೆಲಸ ಮಾಡ್ತೀನಿ ಅಂತ ಕುಂದರಬ್ಯಾಡ್ರಿ, ಸಣ್ಣ ಕೆಲಸ ಹೊತ್ತಿಗೆ ಸರಿಯಾಗಿ ಮಾಡ್ರಿ, ಮನಸು ಹಿಂದಿಂದ ಬರ್ತೈತಿ ಅಂತ. ಹಂಗಾಗಿ ಬೆಳಗ್ಗೆ ಕಾಲುವಿ ದಂಡಿ ತನಕ ನಡಿಯೋದು, ಬಂದು ಪೇಟಿ ಮ್ಯಾಲ ಬರೇ ಅಲಂಕಾರ, ಅಂದ್ರ ಸ್ವರದ ಅಭ್ಯಾಸ, ನಾಟಕದ ಹಾಡು ಬ್ಯಾಡ, ಯಾರೂ ಕೇಳೋದು ಬ್ಯಾಡ, ರೊಕ್ಕದ ಮಾತು ಬ್ಯಾಡ. ಸಾಲಿ ಹುಡುಗ್ರಿಗೆ ವಾರಕ್ಕ ಎರಡು ಸಂಜಿ ಹಾಡು ಕಲಿಸಾಕ ಪಾಲಕರೇ ಸೇರಿ ತಿಂಗಳಾ ಇಷ್ಟು ಅಂತ ಕೊಡ್ತಾರ, ಪುಕ್ಕಟೆ ಕಲಸ್ತೀನಿ ಅಂತ ಮಾಸ್ತರು ಅಂದ್ರೂ ನಾವು ಒಪ್ಪಲಿಲ್ಲ. ಶ್ರಾವಣದಾಗ ಭಜನಿ ಸಂಘದವರು ಕರೀತಾರ.

ಸರ್ಕಾರದ ಕಡೆ ನೋಡಿದ್ರ ಹಾದಿ ಸಣ್ಣದು. ಕಲಾವಿದರ ಮಾಸಾಶನಕ್ಕ 58 ತುಂಬಬೇಕು, ಮಾಸ್ತರಿಗೆ ಇನ್ನೂ ಆಗಿಲ್ಲ. 2023ರಾಗ ಬಂದ ಪಿಎಂ ವಿಶ್ವಕರ್ಮ ಯೋಜನೆಯೊಳಗ 18 ಕಸುಬು ಅವ, ಬಡಗಿ, ಕುಂಬಾರ, ದರ್ಜಿ, ಗೊಂಬಿ ಮಾಡೋರು ಅದಾರ, ನಮ್ ಕಿನ್ನಾಳದ ಗೊಂಬಿ ಕಲಾವಿದರಿಗೆ ಅದು ಅನುಕೂಲ, ಆದ್ರ ಪೇಟಿ ಬಾರ್ಸೋರು, ನಾಟಕ ಕಲ್ಸೋರು ಆ ಪಟ್ಟಿಯೊಳಗಿಲ್ಲ. ಮೀನುಗಾರರಿಗೆ ಬಲೆ ಹಾಕದ ತಿಂಗಳಿಗೆ ಸಹಾಯ ಅಂತ ಕೊಡೋ ಪದ್ಧತಿ ನಮ್ ದೇಶದಾಗ ಐತಿ, ಸೀಜನ್ ಕಲಾವಿದರಿಗೂ ಅಂಥದ್ದು ಯಾಕ ಆಗಬಾರ್ದು ಅಂತ ನಾನು ಗಟ್ಟಿಯಾಗೇ ಕೇಳ್ತೀನಿ.

ಮತ್ತ ನೀರಿಲ್ಲದ ವರ್ಷ

2025ರ ಸೀಜನ್ ಚೊಲೋ ಆತು, ಮೂರು ಊರು ಸಿಕ್ವು. ಆದ್ರ ಡ್ಯಾಮಿನ 33 ಗೇಟೂ ಬದಲಿಸೋ ಸಲುವಾಗಿ 2025-26ರಾಗ ಮತ್ತ ಎರಡನೇ ಬೆಳಿಗೆ ನೀರಿಲ್ಲ ಅಂತ ಆತು. ನಮಗೆಲ್ಲಾ ಅಂಜಿಕಿ ಇದ್ದದ್ದು ಮಾಸ್ತರದೇ. ಡಿಸೆಂಬರ್‌ನ್ಯಾಗ ಒಂದಿನ ಅವರೇ ಫೋನ್ ಮಾಡಿ "ತಮ್ಮಾ, ಮೂರಕ್ಕ ಎಚ್ಚರ ಆಗಾಕತ್ತೈತಿ, ಸೋಮವಾರ ಕೊಪ್ಪಳಕ್ಕ ಹೊಂಟೀನಿ, ನೀ ಬರೋದೇನ್ ಬ್ಯಾಡ, ಅಕ್ಕ ಬರ್ತಾಳ" ಅಂದ್ರು. ಹೋಗಿ ಬಂದ್ರು, ಡಾಕ್ಟರು ನಿಲ್ಸಿದ್ದ ಗುಳಿಗಿ ಮತ್ತ ಸುರು ಮಾಡಿದ್ರು. ಆ ಸೀಜನ್‌ನ್ಯಾಗ ಒಂದೇ ಊರು ಸಿಕ್ತು, ಮೂರು ಪಾಲಿನ್ಯಾಗ ಪೂರ್ತಿ ರೊಕ್ಕ ಬಂತು, ಸಾಲಿ ಹುಡುಗ್ರ ಪಾಠ ನಡದೈತಿ, ಸಂಘದ ಕಂತು ಒಂದೂ ತಪ್ಪಿಲ್ಲ. ಕುಡಿಯೋದು ಪೂರ್ತಿ ಬಿಟ್ಟಿಲ್ಲ, ಕಡಿಮಿ ಆಗೇತಿ, ಅದ್ರ ಸಲುವಾಗಿ ಇನ್ನೂ ದವಾಖಾನಿಗೆ ಹೋಗ್ತಾರ. ನೋಟ್‌ಬುಕ್ಕಿನ ಹಿಂದಿನ ಹಾಳಿಯೊಳಗ ಒಂದು ಊರಿನ ಏಳು ಸಾವಿರ ಇನ್ನೂ ಬರೋದೈತಿ, ಅವರು ಮುಂದಿನ ಜಾತ್ರಿಗೆ ಮಾಸ್ತರನ್ನ ಸನ್ಮಾನಕ್ಕ ಕರದಾರ, ಬಾಕಿ ಕೊಟ್ರ ಬರ್ತಾರ ಅಂತ ತಬಲಾದವರು ಹೇಳಿ ಕಳ್ಸ್ಯಾರ.